ತೆಂಗಿನಕಾಯಿ ಎದ್ದು ನಿಲ್ಲುವುದು ನಿಜ! ಎಬ್ಬಿಸುವವರು ಯಾರು?

ಒಂದು ಗೇಣು ದಾರ ತಗೊಳ್ಳಿ. ತುದಿಗೆ ಬೀಗದ ಕೈಯನ್ನೋ ಉಂಗುರವನ್ನೋ ಕಟ್ಟಿ. ಮೇಜಿನ ಮೇಲೆ ಮೊಣಕೈ ಊರಿ, ದಾರದ ಇನ್ನೊಂದು ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ನೀರು ತುಂಬಿದ ಲೋಟದ ಮೇಲೆ ತೂಗಬಿಡಿ. ಕೈ ಅಲುಗಿಸಬೇಡಿ. ಮನಸ್ಸಿನಲ್ಲಿ ಮಾತ್ರ ‘ಗುಂಡಗೆ ತಿರುಗಲಿ, ಗುಂಡಗೆ ತಿರುಗಲಿ’ ಅಂದುಕೊಳ್ಳುತ್ತ ಕೀಲಿಯನ್ನೇ ದಿಟ್ಟಿಸಿ. ಅರ್ಧ ನಿಮಿಷ ಹೋಗಲಿ, ಒಂದು ನಿಮಿಷ ಹೋಗಲಿ. ನೋಡಿದಿರಾ? ತಿರುಗುತ್ತಿದೆ! ಈಗ ‘ಹಿಂದೆ ಮುಂದೆ’ ಅಂದುಕೊಳ್ಳಿ. ಸುತ್ತು ಸಣ್ಣಗಾಗುತ್ತದೆ, ಚಪ್ಪಟೆಯಾಗುತ್ತದೆ, ಕೊನೆಗೆ ಕೀಲಿ ನೀವು ಹೇಳಿದ ದಿಕ್ಕಿನಲ್ಲೇ ಹೋಗಿ ಬರತೊಡಗುತ್ತದೆ. ಮಂತ್ರವಿಲ್ಲ, ತಂತ್ರವಿಲ್ಲ, ನೀವು ಕೈ ಅಲುಗಿಸಿಯೂ ಇಲ್ಲ!

ಕೆಲವರಿಗೆ ಇದು ಆಗುವುದಿಲ್ಲ. ಬಹಳ ಮಂದಿಗೆ ಆಗುತ್ತದೆ, ಆದವರ ಮುಖ ನೋಡಬೇಕು! ಆ ಬೆರಗನ್ನು ಹಾಗೇ ಇಟ್ಟುಕೊಂಡು ನನ್ನ ಜೊತೆ ವಿದ್ಯಾಗಿರಿಗೆ ಬನ್ನಿ.

ಬಾಗಲಕೋಟೆಯ ವಿದ್ಯಾಗಿರಿ ಅಂದರೆ ಕಾಲೇಜುಗಳ ಊರು. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ದೊಡ್ಡ ಆವರಣ, 1963ರಲ್ಲಿ ಶುರುವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು, ಬೆಳಗಾದರೆ ಬ್ಯಾಗು ಹೊತ್ತ ಹುಡುಗ ಹುಡುಗಿಯರ ಸಾಲು. ಕೆಳಗೆ ಹಳೆಯ ಊರಿನ ಒಂದು ಭಾಗವನ್ನೇ ನುಂಗಿದ ಆಲಮಟ್ಟಿಯ ಹಿನ್ನೀರು, ಘಟಪ್ರಭೆಯ ಪಾತ್ರದ ಉದ್ದಕ್ಕೂ ಕಣ್ಣು ಹಾಯುವಷ್ಟು ದೂರ. ಅಷ್ಟು ನೀರು ಎದುರಿಗೇ ಇದ್ದರೂ ಹೊಸ ಮನೆಗೆ ಪಾಯ ತೆಗೆಯುವ ಮೊದಲು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಬೋರ್ ಪಾಯಿಂಟ್ ಎಲ್ಲಿ? ಆಗ ಬರುತ್ತಾರೆ ನೋಡಿ ನೀರು ನೋಡುವ ಅಜ್ಜ. ತಲೆಗೆ ಪಟಕಾ, ಕೈಯಲ್ಲಿ ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿ. ಚಪ್ಪಲಿ ಬಿಡುತ್ತಾರೆ, ಭೂಮಿಗೆ ಕೈ ಮುಗಿಯುತ್ತಾರೆ, ಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಹೆಜ್ಜೆ ಹಾಕುತ್ತಾರೆ. ಒಂದು ಮೂಲೆಯಿಂದ ಇನ್ನೊಂದಕ್ಕೆ, ಮತ್ತೆ ಅಡ್ಡಡ್ಡ. ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಇದ್ದಕ್ಕಿದ್ದಂತೆ ಕಾಯಿ ನಡುಗಿ, ಓಲಾಡಿ, ಜುಟ್ಟು ಮೇಲಾಗಿ ಸೆಟೆದು ನಿಂತೇಬಿಡುತ್ತದೆ!

“ಇಲ್ಲೇ ಐತ್ರಿ. ಎರಡೂವರಿ ಇಂಚ ನೀರ. ಇನ್ನೂರ ಅಡಿ ಒಳಗ ಸಿಗತೈತಿ.”

ಮನೆ ಕಟ್ಟಿಸುವ ಕಾಕಾನ ಕಣ್ಣಲ್ಲಿ ನೀರೇ ಬರುತ್ತದೆ. ಪಕ್ಕದಲ್ಲಿ ಸಿವಿಲ್ ಓದುವ ಅಣ್ಣನ ಮಗ ತುಟಿ ಕೊಂಕಿಸುತ್ತಾನೆ. ಅಲ್ಲಿಂದ ಶುರು.

“ಕಾಕಾ, ಇದೆಲ್ಲಾ ಕೈಚಳಕ. ಅವರ ಬೆರಳಲೇ ಎತ್ತತಾರ.”

“ಕೈಚಳಕ ಅಂತ ಕೈಚಳಕ! ಅಜ್ಜಾರು ರೊಕ್ಕಾನ ಕೇಳಂಗಿಲ್ಲಪಾ. ಎಲಿ ಅಡಕಿ, ಕಾಯಿ ಕರ್ಪೂರ, ನಾವ ಕೊಟ್ಟಷ್ಟ ತಗೋತಾರ. ಸುಳ್ಳ ಹೇಳಿ ಅವರಿಗೇನ ಬರೂದೈತಿ? ನೀನ ಹಿಡದ ನೋಡು.”

ಹುಡುಗ ಹಿಡಿಯುವುದಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಸೈಟಿನಲ್ಲಿ ಮತ್ತೆ ಅಲ್ಲಿಂದಲೇ ಶುರುವಾಗುತ್ತದೆ. ಒಬ್ಬರಿಗೆ ಇದು ದೈವದತ್ತ ಶಕ್ತಿ, ಇನ್ನೊಬ್ಬರಿಗೆ ಮೋಸ. ‘ಓ ಪಾಸಿಟಿವ್ ರಕ್ತದವರಿಗೇ ಇದು ಒಲಿಯುವುದು’ ಎಂದು ಒಬ್ಬರು, ‘ಕಾಲು ಮೊದಲಾಗಿ ಹುಟ್ಟಿದವರಿಗೆ ಮಾತ್ರ’ ಎಂದು ಇನ್ನೊಬ್ಬರು ಸೇರಿಸುತ್ತಾರೆ. ಇಬ್ಬರ ಜಗಳದ ನಡುವೆ ಎರಡಕ್ಕಿಂತಲೂ ಬೆರಗಿನ ಮೂರನೆಯದೊಂದು ಕೂತಿದೆ. ಅದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ!

ನಾನು ಹಿಡಿದು ನೋಡಿದೆ. ಕಾಯಿಯಲ್ಲ, ಬೇವಿನ ಕವಲು ಕಡ್ಡಿ. ಅಂಗೈ ಮೇಲಾಗಿ ಎರಡೂ ಕವಲನ್ನು ಮುಷ್ಟಿಯಲ್ಲಿ ಹಿಡಿದು, ಸ್ವಲ್ಪ ಹೊರಕ್ಕೆ ಎಳೆದು, ಮೂತಿ ಮುಂದೆ ಮಾಡಿ ನಡೆಯಬೇಕು. ನಡೆದೆ. ‘ಅಜ್ಜ ಗುರುತು ಹಾಕಿದ ಜಾಗ ಇದೇ’ ಎಂದು ತಲೆಯಲ್ಲಿ ಮಿಂಚಿದ್ದೇ ತಡ, ಕಡ್ಡಿ ಯಾರೋ ಕೆಳಗಿನಿಂದ ಜಗ್ಗಿದ ಹಾಗೆ ದಡಕ್ಕನೆ ಬಾಗಿತು! ಬಿಗಿಯಾಗಿ ಹಿಡಿದರೆ ನಿಂತೀತು ಅಂದುಕೊಂಡು ಹಿಡಿದೆ. ಮುಷ್ಟಿಯೊಳಗೇ ತಿರುಚಿಕೊಂಡು ಇನ್ನೂ ಜೋರಾಗಿ ಬಾಗಿತು, ತೊಗಟೆ ಸುಲಿದು ಅಂಗೈಗೆ ಹತ್ತಿತು. ನಾನು ಮೋಸ ಮಾಡಲಿಲ್ಲ. ನನಗೆ ಯಾವ ಶಕ್ತಿಯೂ ಇಲ್ಲ. ಹಾಗಾದರೆ ಬಾಗಿಸಿದ್ದು ಯಾರು?

ಕಡ್ಡಿಯನ್ನು ಹಾಗೆ ಎಳೆದು ಹಿಡಿದಾಗಲೇ ಅದು ಹೂಡಿದ ಬಿಲ್ಲಾಗಿರುತ್ತದೆ. ಒಳಗೆ ಬಲ ತುಂಬಿಕೊಂಡು, ಅಂಚಿನ ಮೇಲೆ ನಿಂತಿರುತ್ತದೆ. ಮಣಿಕಟ್ಟು ಒಂದು ಕೂದಲೆಳೆಯಷ್ಟು ಒಳಕ್ಕೆ ಹೊರಳಿದರೂ ಸಾಕು, ತುಂಬಿದ ಬಲವೆಲ್ಲ ಒಮ್ಮೆಲೇ ಬಿಡುಗಡೆಯಾಗುತ್ತದೆ. ಹೊರಳಿದ್ದು ತೀರ ಅಲ್ಪ, ಕಾಣುವ ಚಲನೆ ಬಲು ದೊಡ್ಡದು. ಆದ್ದರಿಂದಲೇ ಹಿಡಿದವನಿಗೆ ‘ನಾನಲ್ಲ’ ಅನ್ನಿಸುವುದು. ಬಿಗಿ ಹಿಡಿದಷ್ಟೂ ಒಳಗಿನ ಬಲ ಹೆಚ್ಚು, ಎಳೆತವೂ ಹೆಚ್ಚು! ಅಂಗೈ ಮೇಲಿನ ತೆಂಗಿನಕಾಯಿಯದೂ ಇದೇ ಕತೆ. ಅಂಗೈ ಸಮತಟ್ಟು ಹಲಗೆಯಲ್ಲ, ನಡುವೆ ತಗ್ಗು, ಸುತ್ತ ದಿಬ್ಬ. ಬೆರಳ ಬುಡ ಒಂದಿಷ್ಟು ಏರಿದರೆ ಕಾಯಿಯ ಬುಡ ಆ ತಗ್ಗಿಗೆ ಜಾರುತ್ತದೆ, ಜುಟ್ಟು ಮೇಲೇಳುತ್ತದೆ. ತಾಮ್ರದ ಎರಡು ಸರಳು ಮಡಚಿ ಹಿಡಿಯುವವರ ಕೈಯಲ್ಲಿ ಮುಂಗೈ ಸ್ವಲ್ಪ ವಾಲಿದರೂ ಸರಳುಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಮೂರೂ ಸಾಧನಗಳು ಕೈಯ ಕಾಣದ ಚಲನೆಯನ್ನು ದೊಡ್ಡದು ಮಾಡಿ ತೋರಿಸುವ ಯಂತ್ರಗಳು. ನಮ್ಮ ಹಿರಿಯರು ಎಂಥ ಸೂಕ್ಷ್ಮ ಮಾಪಕಗಳನ್ನು ಬೇವಿನ ಗಿಡದಿಂದ ಮುರಿದುಕೊಳ್ಳುತ್ತಿದ್ದರು, ಯೋಚಿಸಿ!

ಇನ್ನೂ ಸೋಜಿಗವೆಂದರೆ, ಹೊರಳುವ ಸ್ನಾಯುವಿಗೆ ಆಜ್ಞೆ ಹೋಗಿರುತ್ತದೆ, ಆಜ್ಞೆ ಕೊಟ್ಟ ತಲೆಗೇ ಅದರ ಸುದ್ದಿ ಇರುವುದಿಲ್ಲ. ಇದನ್ನು ಮೊದಲು ತನ್ನ ಮೇಲೇ ಪ್ರಯೋಗ ಮಾಡಿ ಹಿಡಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಶೆವ್ರಲ್. 1786ರಲ್ಲಿ ಹುಟ್ಟಿ 1889ರವರೆಗೆ, 102 ವರ್ಷ ಬದುಕಿದ ಪುಣ್ಯಾತ್ಮ. ನೀವು ಈಗ ತಾನೇ ಮಾಡಿದ ದಾರದ ಆಟವನ್ನೇ ಅವನು ಪಾದರಸದ ಬಟ್ಟಲ ಮೇಲೆ ಮಾಡಿದ. ತೂಗಿತು. ನಡುವೆ ಗಾಜು ಇಟ್ಟ, ನಿಂತಿತು. ಆಹಾ, ಪಾದರಸದ ಶಕ್ತಿ ಗಾಜಿಗೆ ತಡೆಯಾಯಿತು! ಬೇರೆ ಯಾರೇ ಆಗಿದ್ದರೂ ಅಲ್ಲಿಗೇ ನಿಲ್ಲಿಸಿ ಪುಸ್ತಕ ಬರೆಯುತ್ತಿದ್ದರು. ಈ ಮನುಷ್ಯ ನಿಲ್ಲಿಸಲಿಲ್ಲ. ಕೈಗೆ ಆಸರೆ ಕೊಟ್ಟು ನೋಡಿದ, ಆಸರೆ ಬೆರಳಿಗೆ ಹತ್ತಿರವಾದಷ್ಟೂ ತೂಗಾಟ ಕಡಿಮೆಯಾಯಿತು. ಆಮೇಲೆ ಕಣ್ಣು ಕಟ್ಟಿಕೊಂಡು, ಗಾಜನ್ನು ತನಗೆ ಗೊತ್ತಾಗದಂತೆ ಇನ್ನೊಬ್ಬರಿಂದ ಇಡಿಸಿದ, ತೆಗೆಸಿದ. ಗಾಜಿನ ಪ್ರಭಾವ ಮಾಯ! ತೂಗಿಸುತ್ತಿದ್ದದ್ದು ಪಾದರಸವಲ್ಲ, ತನ್ನ ನಿರೀಕ್ಷೆ. 1833ರಲ್ಲಿ ಆಂಪೇರನಿಗೆ ಬರೆದ ಬಹಿರಂಗ ಪತ್ರದಲ್ಲಿ ಅದನ್ನೆಲ್ಲ ವಿವರಿಸಿದ. ಹೌದು, ವಿದ್ಯುತ್ತಿನ ಆಂಪಿಯರ್ ಅಳತೆಗೆ ಹೆಸರು ಕೊಟ್ಟ ಅದೇ ಆಂಪೇರ್.

ಇಪ್ಪತ್ತು ವರ್ಷ ಕಳೆದ ಮೇಲೆ ಲಂಡನ್ನಿನಲ್ಲಿ ಮೇಜು ತಿರುಗಿಸುವ ಹುಚ್ಚು ಹಿಡಿಯಿತು. ನಾಲ್ಕಾರು ಜನ ಮೇಜಿನ ಸುತ್ತ ಕೂತು ಅಂಗೈ ಇಟ್ಟರೆ ಮೇಜು ತಾನಾಗಿ ಹೊರಳುತ್ತಿತ್ತು, ಪ್ರೇತಗಳ ಕೆಲಸ ಎನ್ನುತ್ತಿದ್ದರು. 1853ರಲ್ಲಿ ಮೈಕೆಲ್ ಫ್ಯಾರಡೆ ಅದರ ಹಿಂದೆ ಬಿದ್ದ. ಅವನು ಯಾರನ್ನೂ ಮೋಸಗಾರ ಅನ್ನಲಿಲ್ಲ. ತಾನು ನಂಬಬಲ್ಲ ಪ್ರಾಮಾಣಿಕರನ್ನೇ ಕೂರಿಸಿದ. ಕೈ ಮತ್ತು ಮೇಜಿನ ನಡುವೆ ರಟ್ಟಿನ ಕೆಲವು ಪದರ ಇಟ್ಟು, ಪದರಗಳ ನಡುವೆ ಮೆತ್ತನೆಯ ಅಂಟು ಹಚ್ಚಿದ. ಮೇಜು ಮೊದಲು ಸರಿದು ಕೈಯನ್ನು ಎಳೆದಿದ್ದರೆ ಕೆಳಗಿನ ರಟ್ಟು ಮುಂದಿರಬೇಕು. ಕೈ ಮೊದಲು ನೂಕಿದ್ದರೆ ಮೇಲಿನದು ಮುಂದಿರಬೇಕು. ನೋಡಿದರೆ ಮೇಲಿನದೇ ಮುಂದು! ಅಷ್ಟಕ್ಕೇ ಬಿಡದೆ, ಕೈ ಒಂದಿಷ್ಟು ಅಡ್ಡ ನೂಕಿದರೂ ಅಲುಗಿ ತೋರಿಸುವ ಒಂದು ಕಡ್ಡಿಯನ್ನು ಅವರ ಕಣ್ಣೆದುರೇ ನಿಲ್ಲಿಸಿದ. ತಮ್ಮ ಕೈ ನೂಕುವುದು ತಮಗೇ ಕಾಣತೊಡಗಿದ ಕೂಡಲೆ ಪ್ರೇತ ಓಡಿಹೋಯಿತು, ಮೇಜು ನಿಂತಿತು. ನನ್ನ ಮಟ್ಟಿಗೆ ವಿದ್ಯುತ್ತಿನ ಡೈನಮೋ ಕೊಟ್ಟ ಫ್ಯಾರಡೆಗಿಂತ ಈ ರಟ್ಟು ಅಂಟಿನ ಫ್ಯಾರಡೆಯೇ ಒಂದು ತೂಕ ಮೇಲು.

ಈಗ ನಮ್ಮ ಸೈಟಿಗೆ ವಾಪಸ್. ಕೈಗೆ ಆಜ್ಞೆ ಕೊಡುವುದು ನಿರೀಕ್ಷೆಯಾದರೆ, ಅಜ್ಜನ ನಿರೀಕ್ಷೆ ಎಲ್ಲಿಂದ ಬರುತ್ತದೆ? ಒಂದು ಸಂಗತಿ ಗಮನಿಸಿ. ಊರಿನ ಸೈಟುಗಳಲ್ಲಿ ಕಾಯಿ ಎದ್ದು ನಿಲ್ಲುವ ಜಾಗ ಬಹಳ ಸಲ ಈಶಾನ್ಯ ಮೂಲೆಯೇ ಆಗಿರುತ್ತದೆ! ಭೂಮಿಯೊಳಗಿನ ನೀರಿಗೂ ವಾಸ್ತು ಗೊತ್ತಿದೆಯೆಂದರೆ ಮೆಚ್ಚಬೇಕು. ಬೋರು ಎಲ್ಲಿ ಬರಬೇಕೆಂದು ಮನೆಯವರ ಮನಸ್ಸಿನಲ್ಲಿದೆ, ಪಿಲ್ಲರ್ ಎಲ್ಲೆಲ್ಲಿ ಬರುತ್ತದೆಂದು ಮೇಸ್ತ್ರಿಯ ಮನಸ್ಸಿನಲ್ಲಿದೆ. ಅಜ್ಜ ಆ ಮೂಲೆಗೆ ಹತ್ತಿರವಾದಂತೆ ಅವರ ನಿಲುವು ಬದಲಾಗುತ್ತದೆ, ಕತ್ತು ಮುಂದೆ ಚಾಚುತ್ತದೆ, ಮಾತು ನಿಲ್ಲುತ್ತದೆ. ಬರ್ಲಿನ್ನಿನಲ್ಲಿ ಲೆಕ್ಕ ಮಾಡುತ್ತಿದ್ದ ‘ಜಾಣ ಹಾನ್ಸ್’ ಎಂಬ ಕುದುರೆ ಕಾಲು ಕುಟ್ಟಿ ಸರಿಯುತ್ತರ ಕೊಡುತ್ತಿತ್ತಲ್ಲ, ಅದರ ಗುಟ್ಟು ಇದೇ ಎಂದು 1907ರಲ್ಲಿ ಆಸ್ಕರ್ ಫುಂಗ್ಸ್ಟ್ ತೋರಿಸಿದ. ಉತ್ತರ ಬಂದಾಗ ಪ್ರಶ್ನೆ ಕೇಳಿದವನ ತಲೆ ಗೊತ್ತಿಲ್ಲದೆ ಎಳ್ಳಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ಕಾಲು ನಿಲ್ಲಿಸುತ್ತಿತ್ತು. ಕುದುರೆಗೆ ಕಂಡದ್ದು ಅನುಭವಸ್ಥ ಮನುಷ್ಯನಿಗೆ ಕಾಣದೇ?

ಇದೆಲ್ಲ ಹಳ್ಳಿಗರ ಮೌಢ್ಯ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಬಾಗಲಕೋಟೆ ವಿಜಾಪುರ ಜಿಲ್ಲೆಯಲ್ಲಿ, ವಿಜಾಪುರ ಮುಂಬಯಿ ಪ್ರಾಂತದಲ್ಲಿ ಇದ್ದ ಕಾಲ. 1920ರ ದಶಕದಲ್ಲಿ ಮುಂಬಯಿ ಸರ್ಕಾರ ಮೇಜರ್ ಪಾಗ್ಸನ್ ಎಂಬ ಸೇನಾಧಿಕಾರಿಯನ್ನು ಕಡ್ಡಿ ಹಿಡಿದು ನೀರು ಹುಡುಕಲಿಕ್ಕೆಂದೇ ನೇಮಿಸಿಕೊಂಡಿತ್ತು. ಕಚೇರಿ, ದಫ್ತರ, ಹುದ್ದೆ ಎಲ್ಲವೂ ಉಂಟು, ಕೈಯಲ್ಲಿ ಕಡ್ಡಿ! ಸೂಟುಬೂಟಿನ ಸರ್ಕಾರಕ್ಕೂ ನಮ್ಮ ಕಾಕಾನಿಗೂ ನೀರಿನ ವಿಷಯದಲ್ಲಿ ವ್ಯತ್ಯಾಸವೇ ಇರಲಿಲ್ಲ.

ಕರ್ನಾಟಕದಲ್ಲಿ ಪವಾಡವೋ ಮೋಸವೋ ಎಂಬ ಈ ಚರ್ಚೆಗೆ ದೊಡ್ಡ ದನಿ ಕೊಟ್ಟವರು ಎಚ್. ನರಸಿಂಹಯ್ಯ. ಗೌರಿಬಿದನೂರು ಕಡೆಯ ಹೊಸೂರಿನವರು, ಗಾಂಧಿವಾದಿ, ಅಮೆರಿಕದ ಓಹಾಯೊದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದ ಬ್ರಹ್ಮಚಾರಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯನ್ನೇ ರಚಿಸಿದರು. ವಿಶ್ವವಿದ್ಯಾಲಯವೊಂದು ಪವಾಡಕ್ಕೆ ‘ಬನ್ನಿ, ನಮ್ಮೆದುರು ಮಾಡಿ ತೋರಿಸಿ’ ಎಂದು ಕರೆ ಕೊಟ್ಟ ಆ ದಿನಗಳು! ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು, ಒಪ್ಪಿಗೆ ಬರಲಿಲ್ಲ, ನಾಡಿನ ಪತ್ರಿಕೆಗಳೆಲ್ಲ ಕಾದ ಹೆಂಚಾದವು. ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಪಾಂಡವಪುರದ ಬಾಲಕನ ಬಳಿಗೆ ಸಮಿತಿಯೇ ಹೋಯಿತು, ಗುಟ್ಟು ಬಯಲಾಯಿತು.

ನರಸಿಂಹಯ್ಯನವರ ಹಾದಿಯನ್ನು ಮಂಗಳೂರಿನ ನರೇಂದ್ರ ನಾಯಕ್ ಮುಂದುವರಿಸಿದರು. ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಕಲಿಸಿದವರು. 2009ರ ಲೋಕಸಭೆ ಚುನಾವಣೆಗೆ ಮುಂಚೆ 25 ಪ್ರಶ್ನೆ ಕೊಟ್ಟು, ಫಲಿತಾಂಶ ಸರಿಯಾಗಿ ಹೇಳಿದವರಿಗೆ 10 ಲಕ್ಷ ರೂಪಾಯಿ ಎಂದು ಸವಾಲು ಹಾಕಿದರು. ಸುಮಾರು 450 ಉತ್ತರ ಬಂದವು, ಹಣ ಅವರ ಹತ್ತಿರವೇ ಉಳಿಯಿತು. ಕಣ್ಣು ಕಟ್ಟಿಕೊಂಡು ಓದುವ ‘ಮಿಡ್‌ಬ್ರೇನ್’ ಮಕ್ಕಳ ವಿದ್ಯೆ ಬಂದಾಗ, ಓದುವುದೆಲ್ಲ ಮೂಗಿನ ಪಕ್ಕದ ಸಂದಿನಿಂದ ಎಂದು ತೋರಿಸಿದವರೂ ಅವರೇ.

ಇಬ್ಬರ ಮೇಲೂ ನನಗೆ ಅಪಾರ ಗೌರವ. ಆದರೂ ಅನ್ನಿಸಿದ್ದನ್ನು ಹೇಳುತ್ತೇನೆ. ಈ ಹೋರಾಟಗಳು ಮೋಸವನ್ನು ಬೇಟೆಯಾಡಿದವು. ನೀರು ನೋಡುವ ಅಜ್ಜನ ಎದುರು ಆ ಬಾಣ ನಾಟುವುದಿಲ್ಲ, ಯಾಕೆಂದರೆ ಅಲ್ಲಿ ಮೋಸವೇ ಇಲ್ಲ! ಅಂಗಿಯೊಳಗೆ ಬಚ್ಚಿಟ್ಟದ್ದೇನೂ ಇಲ್ಲ. ಅವರನ್ನು ಕಳ್ಳ ಅಂದ ಕೂಡಲೆ ಕಾಕಾನಿಗೆ ಸಿಟ್ಟು ಬರುವುದು ನ್ಯಾಯವೇ. ಸಿವಿಲ್ ಹುಡುಗ ಸೋತದ್ದು ಅಲ್ಲಿಯೇ. ಇಲ್ಲಿ ಬೇಕಾದದ್ದು ಫ್ಯಾರಡೆಯ ರಟ್ಟು.

ಅಂಥ ರಟ್ಟನ್ನು ದೊಡ್ಡ ಪ್ರಮಾಣದಲ್ಲಿ ಹಾಕಿ ನೋಡಿದ್ದಾರೆ, ಜರ್ಮನಿಯಲ್ಲಿ. 1987–88ರಲ್ಲಿ ಮ್ಯೂನಿಕ್ ಹತ್ತಿರ ಎರಡಂತಸ್ತಿನ ಕಣಜದ ಕಟ್ಟಡ. ಕೆಳಗಿನ ಅಂತಸ್ತಿನಲ್ಲಿ ಗಾಡಿಯ ಮೇಲೆ ನೀರು ಹರಿಯುವ ಪೈಪು, ಅದನ್ನು 10 ಮೀಟರ್ ಗೆರೆಯ ಮೇಲೆ ಎಲ್ಲಿಗೆ ಬೇಕಾದರೂ ಸರಿಸಬಹುದು. ಮೇಲಿನ ಅಂತಸ್ತಿನಲ್ಲಿ ಕಡ್ಡಿ ಹಿಡಿದವರು. ಸುಮಾರು 500 ಜನರನ್ನು ಮೊದಲು ಜರಡಿ ಹಿಡಿದು, ಭಾರಿ ಪ್ರವೀಣರೆಂದು 43 ಮಂದಿಯನ್ನು ಆರಿಸಿ, 843 ಸಲ ಪರೀಕ್ಷೆ ಮಾಡಿದರು. ನಡೆಸಿದ ವಿಜ್ಞಾನಿಗಳು ಕೊನೆಗೆ ‘ಹೆಚ್ಚಿನವರಿಗೆ ಏನೂ ಇಲ್ಲ, ಆದರೆ ಕೆಲವರಿಗೆ ನಿಜವಾಗಿಯೂ ಶಕ್ತಿ ಇದೆ’ ಎಂದೇ ಬರೆದರು! ನಂಬುವವರು ಕುಣಿದಾಡಿದರು. ಆಮೇಲೆ ಅಮೆರಿಕದ ಜಿಮ್ ಎನ್‌ರೈಟ್ ಅದೇ ಅಂಕಿಗಳನ್ನು ಬಿಡಿಸಿ ಕೂತ. ಕಡ್ಡಿಯನ್ನೇ ಹಿಡಿಯದೆ ಪ್ರತಿ ಸಲವೂ ಗೆರೆಯ ನಟ್ಟನಡುವೆ ಬೆರಳಿಟ್ಟು ‘ಇಲ್ಲೇ’ ಅನ್ನುವ ಸೋಮಾರಿಗಿಂತ, ಆ 43ರಲ್ಲಿ ಅತ್ಯುತ್ತಮನಾದವನು 10 ಮೀಟರಿನಲ್ಲಿ ಪೈಪಿಗೆ ಎಷ್ಟು ಹತ್ತಿರ ಬಂದಿದ್ದ ಗೊತ್ತೇ? ಸರಾಸರಿ 4 ಮಿಲಿಮೀಟರ್! 1990ರಲ್ಲಿ ಅದೇ ಜರ್ಮನಿಯ ಕಾಸೆಲ್‌ನಲ್ಲಿ ನೆಲದಡಿ ಅರ್ಧ ಮೀಟರಿನಲ್ಲಿ ಪೈಪು ಹೂತು 30 ಮಂದಿಯನ್ನು ಮೂರು ದಿನ ಪರೀಕ್ಷಿಸಿದರು. ಫಲ, ನಾಣ್ಯ ಚಿಮ್ಮಿದ ಹಾಗೆ.

ನಂಬುವವರ ಕೈಯಲ್ಲಿ ಒಂದು ಗಟ್ಟಿ ಎಲೆ ಉಳಿದಿದೆ, ಅದನ್ನು ಮುಚ್ಚಿಡಬಾರದು. ಮ್ಯೂನಿಕ್ ಪ್ರಯೋಗ ನಡೆಸಿದ ಹಾನ್ಸ್ ಡೀಟರ್ ಬೆಟ್ಸ್ ಅವರೇ 1995ರಲ್ಲಿ ಬರೆದದ್ದು: ಶ್ರೀಲಂಕಾದ ಒಣ ಸೀಮೆಯಲ್ಲಿ ಕಡ್ಡಿ ಹಿಡಿದ ಒಬ್ಬ ಅನುಭವಿಯ ಮಾತಿನ ಮೇಲೆ 691 ಬಾವಿ ಕೊರೆದರು, ನೂರಕ್ಕೆ 96ರಲ್ಲಿ ನೀರು! ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಕಡ್ಡಿಯಿಲ್ಲದ ಇನ್ನೊಬ್ಬ ಅನುಭವಿಯನ್ನು ಅದೇ ನೆಲದಲ್ಲಿ ಅಕ್ಕಪಕ್ಕ ಓಡಾಡಿಸಿ ಹೋಲಿಸಿ ನೋಡಲಿಲ್ಲ. ಕಣಜದ ಹಲಗೆಯ ಮೇಲೆ ಓದಲಿಕ್ಕೆ ಏನೂ ಇರಲಿಲ್ಲ. ಶ್ರೀಲಂಕಾದ ನೆಲದ ಮೇಲೆ ಗಿಡ, ಇಳಿಜಾರು, ಕಲ್ಲಿನ ಬಿರುಕು, ಮಣ್ಣಿನ ಬಣ್ಣ ಎಲ್ಲವೂ ಇದ್ದವು.

ಇಲ್ಲಿಗೆ ಬಂದಾಗ ಹೊಳೆಯಿತು ನೋಡಿ, ನಮ್ಮವರು ನೆಲ ಓದುವ ಈ ವಿದ್ಯೆಯನ್ನು ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಬರೆದಿಟ್ಟಿದ್ದಾರೆ! ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ಔಷಧ, ವಾಸ್ತು, ತೋಟಗಾರಿಕೆಯ ಜೊತೆಗೆ ನೆಲದಡಿಯ ನೀರು ಹುಡುಕುವುದಕ್ಕೇ ಒಂದು ಅಧ್ಯಾಯವಿದೆ. ಅದರ ಹಿಂದಿರುವುದು ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ, ದಕ್ಷಿಣದ ಮಗ್ಗುಲಲ್ಲಿ ಎರಡಾಳು ಆಳದಲ್ಲಿ ಸಿಹಿನೀರು ಎಂಬಂಥ ಲಕ್ಷಣಗಳ ಪಟ್ಟಿ. ಒಂದೊಂದೂ ಸರಿ ಎಂದಲ್ಲ. ಆದರೆ ಹುತ್ತ ಕಟ್ಟುವ ಗೆದ್ದಲಿಗೆ ತೇವ ಬೇಕೇಬೇಕು, ಬೇಸಗೆಯಲ್ಲೂ ಹಸಿರಾಗಿರುವ ಅತ್ತಿಮರದ ಬೇರು ಎಲ್ಲೋ ನೀರು ಮುಟ್ಟಿರಲೇಬೇಕು. ತಿರುಪತಿಯ ವಿಶ್ವವಿದ್ಯಾಲಯದ ಇ.ಎ.ವಿ. ಪ್ರಸಾದ್ ಈ ಲಕ್ಷಣಗಳನ್ನು ಭೂವಿಜ್ಞಾನದ ಕಣ್ಣಿನಿಂದ ಅಧ್ಯಯನ ಮಾಡಿ 1980ರಲ್ಲಿ ಪುಸ್ತಕವನ್ನೇ ಬರೆದರು. ಜನ್ಮವಿಡೀ ಹೊಲದಲ್ಲಿ ಓಡಾಡಿದ ಅಜ್ಜನ ಕಣ್ಣಿಗೆ ಇದೆಲ್ಲ ಗೊತ್ತಿರುತ್ತದೆ. ಯಾಕೆ ಗೊತ್ತು ಎಂದು ಅವರ ಬಾಯಿಗೆ ಗೊತ್ತಿರಬೇಕೆಂದಿಲ್ಲ. ಕಣ್ಣು ಕಂಡದ್ದು ಕೈಗೆ ಇಳಿಯುತ್ತದೆ, ಕೈ ಕಾಯಿಯನ್ನು ಎಬ್ಬಿಸುತ್ತದೆ! ಕಾಯಿಗೆ ನೀರು ಗೊತ್ತಿಲ್ಲ, ಅಜ್ಜನಿಗೆ ನೆಲ ಗೊತ್ತು. ಇದು ಕಡಿಮೆ ಪವಾಡವೇ?

ಆದರೆ ಹೊಲದಲ್ಲಿ ನಡೆಯುವ ಈ ಜಾಣತನ ವಿದ್ಯಾಗಿರಿಯ ಸೈಟಿನಲ್ಲಿ ನಡೆಯುವುದಿಲ್ಲ. ಮೂವತ್ತು ನಲವತ್ತರ ಸೈಟು, ಮುರುಮು ಹಾಕಿ ಸಮ ಮಾಡಿದ್ದು, ಹುತ್ತವಿಲ್ಲ, ಅತ್ತಿಯಿಲ್ಲ. ಅಲ್ಲಿ ಓದಲಿಕ್ಕೆ ಉಳಿದದ್ದು ಮನೆಯವರ ಮುಖ ಮಾತ್ರ. ನೆಲದಡಿಯೋ, ಬೇರೆಯೇ ಲೋಕ. ಈ ಜಿಲ್ಲೆಯಷ್ಟು ಬಗೆಬಗೆಯ ಕಲ್ಲು ಒಂದೇ ಕಡೆ ಸಿಗುವುದು ಅಪರೂಪ. ಇಳಕಲ್ಲಿನಲ್ಲಿ ಜಗತ್ತಿಗೆಲ್ಲ ಹೋಗುವ ಕೆಂಪು ಗ್ರಾನೈಟು, ಬಾದಾಮಿಯಲ್ಲಿ ಗುಹೆ ಕೊರೆದ ಮರಳುಗಲ್ಲು, ಬಾಗಲಕೋಟೆ ಲೋಕಾಪುರದ ಸುತ್ತ ಸಿಮೆಂಟಿಗೆ ಹೋಗುವ ಸುಣ್ಣಕಲ್ಲು. ಇಲ್ಲಿಯ ಹಳೆಯ ಶಿಲಾಪದರಗಳಿಗೆ ಭೂವಿಜ್ಞಾನಿಗಳು ನಮ್ಮ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಗ್ರಾನೈಟಿನಂಥ ಗಟ್ಟಿಕಲ್ಲಿನಲ್ಲಿ ನೀರು ನದಿಯ ಹಾಗೆ ಹರಿಯುವುದಿಲ್ಲ. ಮೇಲೆ ಪುಡಿಯಾದ ಪದರದಲ್ಲಿ, ಕೆಳಗೆ ಬಿರುಕುಗಳಲ್ಲಿ ನಿಂತಿರುತ್ತದೆ. ಸುಣ್ಣಕಲ್ಲಿನಲ್ಲಿ ನೀರೇ ಕರಗಿಸಿ ಮಾಡಿಕೊಂಡ ಪೊಳ್ಳುಗಳಿರುತ್ತವೆ. ಬಿರುಕು ಸಿಕ್ಕರೆ ಉಂಟು, ನಾಲ್ಕು ಮಾರು ಆಚೆಗೆ ಇಲ್ಲ. ಭೂವಿಜ್ಞಾನಿ ನಾಲ್ಕು ಸರಳು ನೆಟ್ಟು ಕರೆಂಟು ಬಿಟ್ಟು, ನೆಲ ಎಷ್ಟು ತಡೆ ಒಡ್ಡುತ್ತದೆಂದು ಅಳೆದು ಹೇಳುವುದೂ ಅಂದಾಜೇ. ಅವರೂ ತಪ್ಪುತ್ತಾರೆ, ಆದರೆ ತಪ್ಪಿದಾಗ ಯಾಕೆ ತಪ್ಪಿತೆಂದು ಹೇಳಬಲ್ಲರು.

ಕಾಯಿಯ ಮಾತು ತಪ್ಪುವುದೇ ಇಲ್ಲ, ಅದೇ ಅದರ ತೊಂದರೆ. ಇನ್ನೂರು ಅಡಿಗೆ ಬರಲಿಲ್ಲವೇ? ‘ಇನ್ನ ನೂರ ಅಡಿ ಹೋಗ್ರಿ.’ ಮುನ್ನೂರಕ್ಕೂ ಇಲ್ಲವೇ? ‘ಡ್ರಿಲ್ಲಿಂಗದವರು ಗೇಣ ಸರದ ಹಾಕ್ಯಾರ.’ ನೀರು ಬಿದ್ದ ಬೋರಿನ ಕತೆ ಮದುವೆ ಮನೆಯಲ್ಲೂ ಓಡಾಡುತ್ತದೆ, ಫೇಲಾದದ್ದರ ಮೇಲೆ ಒಂದು ಕಲ್ಲು ಬೀಳುತ್ತದೆ. ಕಲ್ಲೂ ಬೀಳದಿದ್ದರೆ ಏನಾಗುತ್ತದೆಂದು ಈ ಜಿಲ್ಲೆಗೆ ಗೊತ್ತು: 2014ರ ಆಗಸ್ಟಿನಲ್ಲಿ ಸೂಳಿಕೇರಿಯಲ್ಲಿ ಆರು ವರ್ಷದ ಕೂಸೊಂದು ನೀರಿಲ್ಲದ ಕೊಳವೆಬಾವಿಗೆ ಬಿದ್ದು ಜೀವ ಕಳೆದುಕೊಂಡಿತು.

ತನ್ನ ಕೈಯನ್ನು ತಾನು ಅರಿಯದ ಈ ಭ್ರಮೆ ಹೊಲ ದಾಟಿ ಎಲ್ಲಿಯವರೆಗೆ ಹೋದೀತು? ಬಾಗ್ದಾದಿನವರೆಗೆ! ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ಗಾಲ್ಫ್ ಚೆಂಡು ಹುಡುಕುವ ಅಗ್ಗದ ಆಟಿಕೆಯ ಮೇಲೆ ‘ಎಡಿಇ 651’ ಎಂಬ ಹೆಸರು ಅಂಟಿಸಿ, ಬಾಂಬ್ ಪತ್ತೆಯಂತ್ರವೆಂದು ಸಾವಿರಾರು ಡಾಲರಿಗೆ ಒಂದರಂತೆ ಇರಾಕಿಗೆ ಮಾರಿದ. ಹಿಡಿಕೆಯ ಮೇಲೆ ತಿರುಗುವ ಒಂದು ಆಂಟೆನಾ, ಒಳಗೆ ಏನೂ ಇಲ್ಲ. ಅದೇ ಕಡ್ಡಿ! ತಪಾಸಣೆ ಠಾಣೆಯ ಸೈನಿಕರ ಕೈಯಲ್ಲಿ ಅದು ತಿರುಗುತ್ತಿತ್ತು, ಅವರು ಪ್ರಾಮಾಣಿಕವಾಗಿ ನಂಬಿದ್ದರು, ಬಾಂಬು ತುಂಬಿದ ಗಾಡಿಗಳು ದಾಟಿ ಹೋಗುತ್ತಿದ್ದವು. 2013ರಲ್ಲಿ ಅವನಿಗೆ 10 ವರ್ಷ ಜೈಲಾಯಿತು. ನೋಡಿ, ಅಲ್ಲಿ ಮಾರಿದವನದು ಮೋಸ, ಹಿಡಿದವರದು ನಮ್ಮ ಅಜ್ಜನದೇ ನಿಷ್ಠೆ.

ಹಾಗಾಗಿ ಕಾಕಾಗಳಿಗೂ ಸಿವಿಲ್ ಹುಡುಗರಿಗೂ ಸೇರಿಸಿಯೇ ಒಂದು ಬಿನ್ನಹ. ಜಗಳ ಬೇಡ. ಅಜ್ಜ ಪಾಯಿಂಟ್ ತೋರಿಸಲಿ, ಅಲ್ಲಿ ಒಂದು ಗೂಟ ಹೊಡೆಯಿರಿ. ಆಮೇಲೆ ಎಲಿ ಅಡಕಿ ಕೊಟ್ಟು, ವಿನಯದಿಂದ ಕೇಳಿಕೊಂಡು, ಅವರ ಕಣ್ಣಿಗೆ ದಪ್ಪನೆಯ ಟವೆಲ್ ಕಟ್ಟಿ. ಮೂಗಿನ ಪಕ್ಕದ ಸಂದು ಬಿಡಬೇಡಿ. ನಾಲ್ಕು ಸುತ್ತು ತಿರುಗಿಸಿ, ಕೈ ಹಿಡಿದು ಸೈಟಿನ ತುಂಬ ನಡೆಸಿ. ಕೈ ಹಿಡಿದು ನಡೆಸುವವನಿಗೂ ಗೂಟ ಎಲ್ಲಿದೆಯೆಂದು ಗೊತ್ತಿರಬಾರದು, ನಿಂತು ನೋಡುವವರು ಸೈಟಿನಾಚೆ ಇರಬೇಕು. ಕಾಯಿ ಎದ್ದು ನಿಂತಲ್ಲಿ ಎರಡನೆಯ ಗೂಟ. ಇನ್ನೊಮ್ಮೆ, ಮತ್ತೊಮ್ಮೆ. ಗೂಟಗಳೆಲ್ಲ ಒಂದೇ ಕಡೆ ಬಂದರೆ ಇಂಜಿನಿಯರಿಂಗ್ ಕಾಲೇಜಿಗೆ ಓಡಿಹೋಗಿ ಹೇಳಿ, ಅದು ನಿಜಕ್ಕೂ ಜಗತ್ತಿನ ಸುದ್ದಿ. ಸೈಟಿನ ತುಂಬ ಚದುರಿದರೆ ಕೊರೆಯುವ ಮೊದಲು ಒಬ್ಬ ಭೂವಿಜ್ಞಾನಿಯನ್ನು ಕರೆಸಿ. ಅಜ್ಜನಿಗೆ ಬೈಯಬೇಡಿ, ಅವರಿಗೂ ಒಂದು ಗೇಣು ದಾರ ಮತ್ತು ಕೀಲಿ ಕೊಡಿ. ನೀರು ಬಿದ್ದರೂ ಬೀಳದಿದ್ದರೂ ಡ್ರಿಲ್ಲಿಂಗ್ ಗಾಡಿಯವರು ದುಡ್ಡು ಎಣಿಸುವುದು ಅಡಿಯ ಲೆಕ್ಕದಲ್ಲಿ. ಫೇಲಾದರೆ ಗಾಡಿ ಹೊರಡುವ ಮೊದಲೇ ಕೇಸಿಂಗಿನ ಬಾಯಿಗೆ ಮುಚ್ಚಳ ಹಾಕಿಸಿ.